ತೆರವಾಗದ, ನವೀಕರಣಗೊಳ್ಳದ ಸುರಕ್ಷಾ ತಂತ್ರಾಂಶ: ಕಾರಣಗಳು ಮತ್ತು ಪರಿಹಾರ ಕ್ರಮ

ಉಮರಗಾ, ನಿಲಂಗಾ ಮತ್ತು ಉದಗೀರ ಭಾಗದ ಅನೇಕ ಕನ್ನಡಿಗ ಮನೆಗಳಲ್ಲಿ ಗಣಕಯಂತ್ರವಿದ್ದರೆ ಒಂದೇ ಇರುತ್ತದೆ. ಬಾಲಭಾರತಿಯ ಕನ್ನಡ ಪಠ್ಯಪುಸ್ತಕಗಳ ಪಿಡಿಎಫ್, ಮಹಾಡಿಬಿಟಿ ಜಾಲತಾಣದ ವಿದ್ಯಾರ್ಥಿವೇತನ ಅರ್ಜಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಪ್ರತಿ, ಪಾಲಕರ ಬ್ಯಾಂಕ್ ವ್ಯವಹಾರ ಎಲ್ಲವೂ ಆ ಒಂದೇ ಯಂತ್ರದಲ್ಲಿ ಸೇರಿರುತ್ತವೆ. ಅಂಥ ಯಂತ್ರದಲ್ಲಿ ಅವಧಿ ಮುಗಿದ ಆಂಟಿವೈರಸ್ ಒಂದು ನವೀಕರಣವನ್ನೂ ಒಪ್ಪದೆ, ತೆಗೆಯಲು ಹೋದರೆ ಹೊರಗೂ ಹೋಗದೆ ಕುಳಿತರೆ ಮನೆಯ ಕೆಲಸವೆಲ್ಲ ನಿಲ್ಲುತ್ತದೆ. ಬೇಸತ್ತು ಅದರ ಕಡತಗಳನ್ನು ಕೈಯಿಂದಲೇ ಅಳಿಸುವವರುಂಟು. ಅಂತರ್ಜಾಲದಲ್ಲಿ ಸಿಕ್ಕ ಸಹಾಯವಾಣಿಗೆ ಕರೆ ಮಾಡಿ ಹಣ ಕಳೆದುಕೊಂಡವರೂ ಉಂಟು.

ಸುರಕ್ಷಾ ತಂತ್ರಾಂಶದ ಈ ಹಠ ಬಹುತೇಕ ಸಂದರ್ಭಗಳಲ್ಲಿ ಅದರ ಸ್ವಭಾವವೇ ಆಗಿದೆ. ಕಾರಣ ತಿಳಿದು ಕ್ರಮವಾಗಿ ಹೋದರೆ ಅದು ಬಿಡುತ್ತದೆ. ಅರ್ಧ ತೆಗೆದು ಅರ್ಧ ಬಿಟ್ಟ ಸ್ಥಿತಿಯೇ ಎಲ್ಲಕ್ಕಿಂತ ಅಪಾಯಕಾರಿ. ಏಕೆಂದರೆ ಹಳೆಯ ಕಾವಲು ಕೆಲಸ ಮಾಡುವುದಿಲ್ಲ, ಅದು ಇನ್ನೂ ಇದೆಯೆಂದು ಭಾವಿಸಿದ ವಿಂಡೋಸ್ ಕೆಲವೊಮ್ಮೆ ತನ್ನ ಸ್ವಂತ ಕಾವಲನ್ನೂ ಎಬ್ಬಿಸುವುದಿಲ್ಲ. ಕೆಳಗಿನ ಕ್ರಮವನ್ನು ಪಾಲಕರು ಮಕ್ಕಳೊಡನೆ ಕುಳಿತು ಓದಿ ಅನುಸರಿಸಬಹುದು.

ಹಠದ ಹಿಂದಿನ ಕಾರಣ

ಗಣಕಯಂತ್ರಕ್ಕೆ ನುಗ್ಗಿದ ದುಷ್ಟ ತಂತ್ರಾಂಶವು ಮೊದಲು ಮಾಡಲೆತ್ನಿಸುವುದು ಕಾವಲುಗಾರನನ್ನು ಹೊರದಬ್ಬುವ ಕೆಲಸ. ಆದಕಾರಣ ಸುರಕ್ಷಾ ತಂತ್ರಾಂಶಗಳನ್ನು ಸುಲಭವಾಗಿ ಅಳಿಸಲಾಗದಂತೆಯೇ ರೂಪಿಸಿರುತ್ತಾರೆ. ವಿಂಡೋಸ್‌ನೊಡನೆ ಬರುವ ಮೈಕ್ರೋಸಾಫ್ಟ್ ಡಿಫೆಂಡರ್‌ನಲ್ಲಿ ಈ ರಕ್ಷಣೆಗೆ ‘ಟ್ಯಾಂಪರ್ ಪ್ರೊಟೆಕ್ಷನ್’ ಎಂದು ಹೆಸರು. ಬೇರೆ ಕಂಪನಿಗಳವುಗಳಲ್ಲಿ ‘ಸೆಲ್ಫ್ ಪ್ರೊಟೆಕ್ಷನ್’ ಅಥವಾ ‘ಸೆಲ್ಫ್ ಡಿಫೆನ್ಸ್’ ಎಂದಿರುತ್ತದೆ. ಇದು ಚಾಲನೆಯಲ್ಲಿರುವವರೆಗೆ ಗಣಕದ ಒಡೆಯನೇ ಬಂದು ಕಡತ ಅಳಿಸಿದರೂ ‘ಆಕ್ಸೆಸ್ ಡಿನೈಡ್’ ಎಂಬ ಉತ್ತರವೇ ಸಿಗುತ್ತದೆ.

ಎರಡನೆಯ ಕಾರಣ ಇನ್ನೂ ಆಳದಲ್ಲಿದೆ. ಸುರಕ್ಷಾ ತಂತ್ರಾಂಶದ ಒಂದು ಭಾಗ ವಿಂಡೋಸ್‌ನ ತಿರುಳಿನಲ್ಲಿಯೇ, ಅಂದರೆ ‘ಕರ್ನೆಲ್’ ಎಂಬ ಹಂತದಲ್ಲಿ, ಡ್ರೈವರ್ ರೂಪದಲ್ಲಿ ಕೆಲಸ ಮಾಡುತ್ತದೆ. ಅಲ್ಲಿ ಸಣ್ಣ ತಪ್ಪಾದರೂ ಇಡೀ ಯಂತ್ರ ನಿಲ್ಲುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಕಂಪನಿಯ ಸುರಕ್ಷಾ ತಂತ್ರಾಂಶಕ್ಕೆ ಬಂದ ಒಂದು ದೋಷಪೂರಿತ ನವೀಕರಣದಿಂದ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ, ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ನಮಗೆ ಸಮೀಪದ ಹೈದರಾಬಾದ್ ವಿಮಾನ ನಿಲ್ದಾಣದಲ್ಲಿ ಅಂದು ಪ್ರಯಾಣಿಕರಿಗೆ ಕೈಯಿಂದ ಬರೆದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು. ಯಂತ್ರವನ್ನು ‘ಸೇಫ್ ಮೋಡ್’ನಲ್ಲಿ ತೆರೆದು ದೋಷದ ಕಡತವನ್ನು ಅಳಿಸುವುದೇ ಆಗ ಪರಿಹಾರವಾಗಿತ್ತು. ಮನೆಯ ಗಣಕದಲ್ಲಿಯೂ ಸೇಫ್ ಮೋಡ್ ಏಕೆ ಬೇಕಾಗುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ: ಆ ಸ್ಥಿತಿಯಲ್ಲಿ ವಿಂಡೋಸ್ ತನಗೆ ಅತ್ಯವಶ್ಯವಾದ ಭಾಗಗಳನ್ನು ಮಾತ್ರ ಎಬ್ಬಿಸುತ್ತದೆ, ಉಳಿದವು ಮಲಗಿರುತ್ತವೆ.

ಮೂರನೆಯದು, ಆಂಟಿವೈರಸ್ ಮತ್ತು ವಿಂಡೋಸ್ ಪರಸ್ಪರ ಹೊಂದದಿರುವುದು. 2018ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ಮಹತ್ವದ ಭದ್ರತಾ ನವೀಕರಣ ಕೆಲವು ಆಂಟಿವೈರಸ್‌ಗಳಿರುವ ಯಂತ್ರಗಳಲ್ಲಿ ನೀಲಿ ಪರದೆಗೆ ಕಾರಣವಾಗುತ್ತಿತ್ತು. ಆದ್ದರಿಂದ ತಾನು ಹೊಂದಿಕೊಳ್ಳುವುದಾಗಿ ಆಂಟಿವೈರಸ್ ಒಂದು ಗುರುತು ಬರೆಯುವವರೆಗೆ ಆ ಯಂತ್ರಕ್ಕೆ ವಿಂಡೋಸ್ ನವೀಕರಣವನ್ನೇ ಕೊಡದಿರಲು ಮೈಕ್ರೋಸಾಫ್ಟ್ ನಿರ್ಧರಿಸಿತು. ಅದೇ ವರ್ಷದ ಮಾರ್ಚ್‌ನಲ್ಲಿ ವಿಂಡೋಸ್ 10ಕ್ಕೆ ಈ ನಿಬಂಧನೆಯನ್ನು ತೆಗೆಯಲಾಯಿತು. ಹಳೆಯ ಆಂಟಿವೈರಸ್ ತಾನು ನಿಲ್ಲುವುದಲ್ಲದೆ ವಿಂಡೋಸ್‌ನ ನವೀಕರಣವನ್ನೂ ತಡೆಯಬಲ್ಲದು ಎಂಬುದಕ್ಕೆ ಇದು ದೃಷ್ಟಾಂತ.

ಮೊದಲು ಗುರುತಿಸಬೇಕಾದ ನಾಲ್ಕು ಸಂಗತಿಗಳು

ಯಾವ ಗುಂಡಿಯನ್ನೂ ಒತ್ತುವ ಮುನ್ನ ಒಂದು ಕಾಗದದ ಮೇಲೆ ಈ ನಾಲ್ಕನ್ನು ಬರೆದುಕೊಳ್ಳಬೇಕು.

ಒಂದು, ಯಂತ್ರ ಯಾರದು? ಶಾಲೆ, ಕಚೇರಿ ಅಥವಾ ಸಂಸ್ಥೆ ಕೊಟ್ಟ ಯಂತ್ರವಾಗಿದ್ದರೆ ಅದರ ಸುರಕ್ಷಾ ತಂತ್ರಾಂಶವನ್ನು ದೂರದಿಂದ ನಿರ್ವಹಿಸುತ್ತಿರಬಹುದು. ಅಂಥದ್ದನ್ನು ಮನೆಯಲ್ಲಿ ತೆಗೆಯಲಾಗದು, ತೆಗೆಯಲೂಬಾರದು, ಕೊಟ್ಟವರಿಗೇ ತಿಳಿಸಬೇಕು.

ಎರಡು, ವಿಂಡೋಸ್ ಯಾವುದು? ಕೀಲಿಮಣೆಯಲ್ಲಿ ವಿಂಡೋಸ್ ಚಿಹ್ನೆಯ ಕೀ ಮತ್ತು ‘ಆರ್’ ಒಟ್ಟಿಗೆ ಒತ್ತಿ, ತೆರೆದ ಪೆಟ್ಟಿಗೆಯಲ್ಲಿ ಡಬ್ಲ್ಯೂ, ಐ, ಎನ್, ವಿ, ಇ, ಆರ್ ಎಂಬ ಆರು ಅಕ್ಷರ ಬರೆದು ಎಂಟರ್ ಒತ್ತಿದರೆ ಆವೃತ್ತಿ ಕಾಣಿಸುತ್ತದೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮುಗಿದಿದೆ.

ಮೂರು, ಆಂಟಿವೈರಸ್ ಯಾವುದು, ಎಷ್ಟು ಇವೆ? ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮ್ಯಾಕಫೀ ಅಥವಾ ನಾರ್ಟನ್‌ನ ಪ್ರಾಯೋಗಿಕ ಪ್ರತಿ ಕಾರ್ಖಾನೆಯಿಂದಲೇ ಬಂದಿರುವುದುಂಟು. ಅದರ ಮೇಲೆ ಅಂಗಡಿಯವರು ಕ್ವಿಕ್ ಹೀಲ್, ಕೆ7 ಅಥವಾ ಇ-ಸ್ಕ್ಯಾನ್ ಹಾಕಿಕೊಟ್ಟಿದ್ದರೆ ಒಂದು ಮನೆಗೆ ಇಬ್ಬರು ಕಾವಲುಗಾರರಾಗಿ ಒಬ್ಬರನ್ನೊಬ್ಬರು ಕಳ್ಳರೆಂದು ಹಿಡಿಯತೊಡಗುತ್ತಾರೆ. ಯಂತ್ರ ಅತಿ ನಿಧಾನವಾಗುವುದಕ್ಕೂ ನವೀಕರಣ ನಡುವೆ ನಿಲ್ಲುವುದಕ್ಕೂ ಇದು ಸಾಮಾನ್ಯ ಕಾರಣ.

ನಾಲ್ಕು, ಹಣ ಕೊಟ್ಟು ಕೊಂಡದ್ದಾದರೆ ಅದರ ‘ಪ್ರಾಡಕ್ಟ್ ಕೀ’ ಎಲ್ಲಿದೆ? ಪೆಟ್ಟಿಗೆಯೊಳಗಿನ ಚೀಟಿ, ಖರೀದಿ ರಸೀದಿ ಅಥವಾ ಇ-ಮೇಲ್‌ನಲ್ಲಿ ಅದು ಇರುತ್ತದೆ. ತೆಗೆದ ನಂತರ ಪುನಃ ಅಳವಡಿಸಲು ಇದು ಬೇಕು.

ಇಲ್ಲಿ ಒಂದು ಎಚ್ಚರಿಕೆ. ‘ನಿಮ್ಮ ಗಣಕದಲ್ಲಿ ವೈರಸ್ ಇದೆ, ಈಗಲೇ ನವೀಕರಿಸಿ’ ಎಂದು ಪರದೆಯ ಮೂಲೆಯಲ್ಲಿ ಪದೇಪದೇ ಬರುವ ಸಂದೇಶ ಆಂಟಿವೈರಸ್‌ನದೇ ಆಗಿರಬೇಕೆಂದಿಲ್ಲ. ಯಾವುದೋ ಜಾಲತಾಣದಲ್ಲಿ ‘ಅಲೋ’ ಎಂದು ಒತ್ತಿದ್ದರಿಂದ ಬ್ರೌಸರ್ ಮೂಲಕ ಬರುವ ಜಾಹೀರಾತು ಅದಾಗಿರಬಹುದು. ತಂತ್ರಾಂಶಗಳ ಪಟ್ಟಿಯಲ್ಲಿ ಅದರ ಹೆಸರೇ ಇರದ ಕಾರಣ ‘ತೆಗೆಯಲು ಬರುತ್ತಿಲ್ಲ’ ಎಂದು ಜನ ಗಾಬರಿಯಾಗುತ್ತಾರೆ. ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲಿ ‘ನೋಟಿಫಿಕೇಷನ್ಸ್’ ವಿಭಾಗ ತೆರೆದು, ಅನುಮತಿ ಪಡೆದ ಅಪರಿಚಿತ ಜಾಲತಾಣಗಳನ್ನು ತೆಗೆದುಹಾಕಿದರೆ ಸಂದೇಶ ನಿಲ್ಲುತ್ತದೆ.

ನವೀಕರಣ ಆಗದಿದ್ದಾಗ

ತೆಗೆಯುವ ಯೋಚನೆಗೆ ಮೊದಲು ನವೀಕರಣ ಏಕೆ ನಿಂತಿದೆ ಎಂದು ನೋಡಬೇಕು. ಕೆಳಗಿನ ಪರೀಕ್ಷೆಗಳನ್ನು ಇದೇ ಅನುಕ್ರಮದಲ್ಲಿ ಮಾಡಿರಿ.

1. ದಿನಾಂಕ ಮತ್ತು ಸಮಯ. ಪರದೆಯ ಕೆಳಮೂಲೆಯಲ್ಲಿ ಹಳೆಯ ವರ್ಷ ಕಾಣುತ್ತಿದ್ದರೆ ಯಾವ ಆಂಟಿವೈರಸ್ಸೂ ನವೀಕರಣ ಪಡೆಯಲಾರದು. ಸುರಕ್ಷಿತ ಸಂಪರ್ಕದ ಪ್ರಮಾಣಪತ್ರಗಳಿಗೆ ಆರಂಭದ ಮತ್ತು ಅಂತ್ಯದ ದಿನಾಂಕಗಳಿರುತ್ತವೆ. ಗಣಕದ ಗಡಿಯಾರ ತಪ್ಪಿದರೆ ಅವೆಲ್ಲ ಅಮಾನ್ಯವಾಗಿ ಕಾಣುತ್ತವೆ. ವಿದ್ಯುತ್ ಹೋಗಿ ಬಂದಾಗಲೆಲ್ಲ ಡೆಸ್ಕ್‌ಟಾಪ್ ಹಳೆಯ ದಿನಾಂಕಕ್ಕೆ ಮರಳುತ್ತಿದ್ದರೆ ಮದರ್‌ಬೋರ್ಡಿನ ಮೇಲಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿದೆ ಎಂದರ್ಥ. ಸಾಮಾನ್ಯವಾಗಿ ಅದು ಸಿಆರ್ 2032 ಎಂಬ ಅಗ್ಗದ ಬ್ಯಾಟರಿ.

2. ಸಂಪರ್ಕ. ಮೊಬೈಲ್ ಹಾಟ್‌ಸ್ಪಾಟ್‌ನಿಂದ ಅಂತರ್ಜಾಲ ಬಳಸುವ ಮನೆಗಳಲ್ಲಿ ಡೇಟಾ ಉಳಿಸಲು ‘ಮೀಟರ್ಡ್ ಕನೆಕ್ಷನ್’ ಎಂದು ಗುರುತಿಸಿರಬಹುದು. ಆಗ ದೊಡ್ಡ ನವೀಕರಣಗಳು ತಾವಾಗಿ ಇಳಿಯುವುದಿಲ್ಲ. ನವೀಕರಣದ ಹೊತ್ತಿಗಷ್ಟೆ ಅದನ್ನು ಆಫ್ ಮಾಡಬೇಕು.

3. ಸ್ಥಳ. ಸಿ ಡ್ರೈವ್ ತುಂಬಿದ್ದರೆ ಹೊಸ ಕಡತಗಳಿಗೆ ಜಾಗವಿರುವುದಿಲ್ಲ. ಕೆಲವು ಜಿಬಿಯಷ್ಟಾದರೂ ತೆರವು ಮಾಡಿರಿ.

4. ಅವಧಿ. ಚಂದಾ ಮುಗಿದಿದ್ದರೆ ತಂತ್ರಾಂಶ ತೆರೆಯುತ್ತದೆ, ಆದರೆ ಹೊಸ ವೈರಸ್‌ಗಳ ಪಟ್ಟಿ ಬರುವುದಿಲ್ಲ. ಅಂಥದ್ದನ್ನು ನವೀಕರಿಸಿ ಹಣ ಕಟ್ಟಬೇಕು, ಇಲ್ಲವೇ ತೆಗೆದುಹಾಕಬೇಕು. ಹಾಗೆಯೇ ಬಿಡುವುದು ಸಲ್ಲದು.

5. ವಿಂಡೋಸ್ 7ರ ವಿಶೇಷ ತೊಡಕು. ತಂತ್ರಾಂಶದ ಅಸಲಿತನ ತಿಳಿಸುವ ಡಿಜಿಟಲ್ ಸಹಿಯ ಪದ್ಧತಿ ಬದಲಾಗಿ ಎಸ್‌ಎಚ್‌ಎ-2 ಎಂಬುದು ರೂಢಿಗೆ ಬಂದಿದೆ. ಹಳೆಯ ವಿಂಡೋಸ್ 7 ಈ ಸಹಿಯನ್ನು ಪೂರ್ತಿ ಓದಲಾರದು. ಅದಕ್ಕಾಗಿ ಮೈಕ್ರೋಸಾಫ್ಟ್ 2019ರ ಮಾರ್ಚ್‌ನಲ್ಲಿ ಕೆಬಿ 4490628 ಮತ್ತು ಕೆಬಿ 4474419 ಎಂಬ ಎರಡು ನವೀಕರಣಗಳನ್ನು ಕೊಟ್ಟಿತು. ಇವಿಲ್ಲದ ಯಂತ್ರದಲ್ಲಿ ಹೊಸ ಆಂಟಿವೈರಸ್ ಅಳವಡಿಕೆಯಾಗದೆ, ಇದ್ದದ್ದು ನವೀಕರಣಗೊಳ್ಳದೆ ಉಳಿಯಬಹುದು. ಮೈಕ್ರೋಸಾಫ್ಟ್‌ನ ‘ಅಪ್‌ಡೇಟ್ ಕ್ಯಾಟಲಾಗ್’ ಜಾಲತಾಣದಲ್ಲಿ ಈ ಸಂಖ್ಯೆಗಳಿಂದ ಹುಡುಕಿ ಉಚಿತವಾಗಿ ಪಡೆಯಬಹುದು. ಆದರೂ ವಿಂಡೋಸ್ 7ರ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡದಿರುವುದೇ ಲೇಸು.

6. ಸೋಂಕಿನ ಶಂಕೆ. ಉಳಿದೆಲ್ಲ ಜಾಲತಾಣಗಳು ತೆರೆಯುತ್ತಿದ್ದು, ಆಂಟಿವೈರಸ್ ಕಂಪನಿಗಳ ಮತ್ತು ಮೈಕ್ರೋಸಾಫ್ಟ್‌ನ ಪುಟಗಳು ಮಾತ್ರ ತೆರೆಯದಿದ್ದರೆ ಯಂತ್ರದಲ್ಲಿ ದುಷ್ಟ ತಂತ್ರಾಂಶ ಇರುವ ಸಂಭವ ಹೆಚ್ಚು. 2008ರಲ್ಲಿ ಹರಡಿದ ‘ಕಾನ್‌ಫಿಕರ್’ ಎಂಬ ಹುಳು ಹೀಗೆಯೇ ಆ ಜಾಲತಾಣಗಳ ದಾರಿ ಮುಚ್ಚುತ್ತಿತ್ತು. ಆಗ ಆರೋಗ್ಯವಂತ ಬೇರೊಂದು ಯಂತ್ರದಲ್ಲಿ ‘ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್’ ಇಳಿಸಿಕೊಂಡು ಪೆನ್ ಡ್ರೈವ್‌ನಲ್ಲಿ ತಂದು ಓಡಿಸಬೇಕು. ಇಳಿಸಿದ 10 ದಿನಗಳ ನಂತರ ಅದು ಕೆಲಸ ಮಾಡುವುದಿಲ್ಲ. ಆದ್ದರಿಂದ ಹಳೆಯ ಪ್ರತಿಯನ್ನು ನಂಬಬೇಡಿ.

ತೆಗೆಯಲು ಬಾರದಿದ್ದಾಗ

ಸಿದ್ಧತೆ: ಮಕ್ಕಳ ಪ್ರಮಾಣಪತ್ರಗಳು, ಅಂಕಪಟ್ಟಿಗಳು, ಫೋಟೋಗಳನ್ನು ಪೆನ್ ಡ್ರೈವ್‌ಗೆ ನಕಲಿಸಿರಿ. ತೆಗೆದ ನಂತರ ಯಾವ ತಂತ್ರಾಂಶ ಹಾಕುವುದೆಂದು ಮೊದಲೇ ನಿರ್ಧರಿಸಿರಿ.

ಮೊದಲ ಹೆಜ್ಜೆ: ಗಣಕಯಂತ್ರವನ್ನು ‘ರೀಸ್ಟಾರ್ಟ್’ ಮಾಡಿರಿ. ಶಟ್‌ಡೌನ್ ಮಾಡಿ ಪುನಃ ಚಾಲೂ ಮಾಡುವುದು ಇದಕ್ಕೆ ಸಮವಲ್ಲ. ವಿಂಡೋಸ್ 10 ಮತ್ತು 11ರಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಎಂಬ ಸೌಲಭ್ಯವಿರುವುದರಿಂದ ಶಟ್‌ಡೌನ್ ಮಾಡಿದಾಗ ವಿಂಡೋಸ್‌ನ ತಿರುಳು ಪೂರ್ತಿ ಮುಚ್ಚದೆ ನಿದ್ರಿಸುತ್ತದೆ. ರೀಸ್ಟಾರ್ಟ್‌ನಲ್ಲಿ ಮಾತ್ರ ಹೊಸದಾಗಿ ಏಳುತ್ತದೆ. ಅರ್ಧಕ್ಕೆ ನಿಂತ ಅನೇಕ ತೆರವುಗಳು ಇದರಿಂದಲೇ ಪೂರ್ಣಗೊಳ್ಳುತ್ತವೆ.

ಎರಡನೆಯ ಹೆಜ್ಜೆ: ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಪ್ರವೇಶಿಸಿರಿ. ಮಗುವಿಗಾಗಿ ಮಾಡಿಕೊಟ್ಟ ಸಾಮಾನ್ಯ ಖಾತೆಗೆ ತಂತ್ರಾಂಶ ತೆಗೆಯುವ ಅಧಿಕಾರವಿಲ್ಲ. ನಂತರ ಆಂಟಿವೈರಸ್ ತೆರೆದು ಅದರ ಸೆಟ್ಟಿಂಗ್ಸ್‌ನಲ್ಲಿ ಸೆಲ್ಫ್ ಪ್ರೊಟೆಕ್ಷನ್ ಆಫ್ ಮಾಡಿರಿ. ಅದು ಗುಪ್ತಪದ ಕೇಳಿದರೆ ಹಾಕಿಕೊಟ್ಟ ಅಂಗಡಿಯವರಲ್ಲಿ ವಿಚಾರಿಸಿರಿ. ಅಳವಡಿಸುವಾಗ ಅವರೇ ಗುಪ್ತಪದ ಇಟ್ಟಿರಬಹುದು.

ಮೂರನೆಯ ಹೆಜ್ಜೆ: ‘ಸೆಟ್ಟಿಂಗ್ಸ್’ನಲ್ಲಿ ‘ಆ್ಯಪ್ಸ್’ ವಿಭಾಗಕ್ಕೆ ಹೋಗಿ ತಂತ್ರಾಂಶದ ಹೆಸರಿನ ಮುಂದಿನ ‘ಅನ್‌ಇನ್‌ಸ್ಟಾಲ್’ ಒತ್ತಿರಿ. ಪುಣೆಯ ಕ್ವಿಕ್ ಹೀಲ್‌ನಂಥ ತಂತ್ರಾಂಶ ತೆಗೆಯುವಾಗ, ಪೂರ್ತಿ ತೆಗೆಯಬೇಕೋ ಅಥವಾ ನವೀಕರಣದ ಕಡತಗಳನ್ನು ಉಳಿಸಬೇಕೋ ಎಂದು ಕೇಳುತ್ತದೆ. ಅದನ್ನೇ ಮತ್ತೆ ಅಳವಡಿಸುವವರು ಉಳಿಸಿಕೊಳ್ಳಬಹುದು. ಬೇರೆಯದಕ್ಕೆ ಹೋಗುವವರು ಪೂರ್ತಿ ತೆಗೆಯುವುದನ್ನು ಆರಿಸಬೇಕು.

ನಾಲ್ಕನೆಯ ಹೆಜ್ಜೆ: ಇದೂ ವಿಫಲವಾದರೆ ಮೈಕ್ರೋಸಾಫ್ಟ್‌ನ ‘ಪ್ರೋಗ್ರಾಂ ಇನ್‌ಸ್ಟಾಲ್ ಅಂಡ್ ಅನ್‌ಇನ್‌ಸ್ಟಾಲ್ ಟ್ರಬಲ್‌ಶೂಟರ್’ ಎಂಬ ಉಚಿತ ಸಾಧನ ಬಳಸಿರಿ. ವಿಂಡೋಸ್‌ನ ದಾಖಲೆಪುಸ್ತಕವಾದ ‘ರಿಜಿಸ್ಟ್ರಿ’ಯಲ್ಲಿ ತೆರವಿಗೆ ಅಡ್ಡಿಯಾಗುವ ಕೆಟ್ಟ ನಮೂದುಗಳನ್ನು ಇದು ಸರಿಪಡಿಸುತ್ತದೆ.

ಐದನೆಯ ಹೆಜ್ಜೆ: ತಯಾರಕರೇ ಕೊಡುವ ತೆರವು ಸಾಧನ. ಮ್ಯಾಕಫೀಗೆ ಎಂಸಿಪಿಆರ್, ನಾರ್ಟನ್‌ಗೆ ‘ರಿಮೂವ್ ಅಂಡ್ ರೀಇನ್‌ಸ್ಟಾಲ್’, ಕ್ಯಾಸ್ಪರ್‌ಸ್ಕೀಗೆ ‘ಕೆಎವಿ ರಿಮೂವರ್’, ಅವಾಸ್ಟ್‌ಗೆ ‘ಅವಾಸ್ಟ್ ಅನ್‌ಇನ್‌ಸ್ಟಾಲ್ ಟೂಲ್’ ಇವೆ. ಇವನ್ನು ಆಯಾ ಕಂಪನಿಯ ಸ್ವಂತ ಜಾಲತಾಣದಿಂದಲೇ ಇಳಿಸಬೇಕು. ಇದೇ ಹೆಸರಿನ ನಕಲಿ ಸಾಧನಗಳನ್ನು ಕೊಡುವ ತಾಣಗಳು ಹುಡುಕಾಟದಲ್ಲಿ ಮೇಲೆಯೇ ಬರಬಹುದು.

ಆರನೆಯ ಹೆಜ್ಜೆ: ಸೇಫ್ ಮೋಡ್. ಅವಾಸ್ಟ್, ಇಸೆಟ್ ಮೊದಲಾದವುಗಳ ತೆರವು ಸಾಧನವನ್ನು ಈ ಸ್ಥಿತಿಯಲ್ಲಿ ಓಡಿಸಬೇಕಾಗುತ್ತದೆ. ಶಿಫ್ಟ್ ಕೀ ಒತ್ತಿಹಿಡಿದು ರೀಸ್ಟಾರ್ಟ್ ಆರಿಸಿರಿ. ‘ಟ್ರಬಲ್‌ಶೂಟ್’, ‘ಅಡ್ವಾನ್ಸ್ಡ್ ಆಪ್ಷನ್ಸ್’, ‘ಸ್ಟಾರ್ಟಪ್ ಸೆಟ್ಟಿಂಗ್ಸ್’, ‘ರೀಸ್ಟಾರ್ಟ್’ ಎಂದು ಮುಂದುವರಿದು 4 ಒತ್ತಿರಿ. ಸಾಧನದ ಕಡತವನ್ನು ಮೊದಲೇ ಡೆಸ್ಕ್‌ಟಾಪ್ ಮೇಲೆ ಇಟ್ಟಿರಬೇಕು. ಸೇಫ್ ಮೋಡ್‌ನಲ್ಲಿ ‘ವಿಂಡೋಸ್ ಇನ್‌ಸ್ಟಾಲರ್’ ಸೇವೆ ಸಾಮಾನ್ಯವಾಗಿ ನಡೆಯದ ಕಾರಣ, ಅಲ್ಲಿ ಮಾಮೂಲು ಅನ್‌ಇನ್‌ಸ್ಟಾಲ್ ಕೆಲಸ ಮಾಡದಿದ್ದರೆ ಗಾಬರಿಯಾಗಬೇಕಿಲ್ಲ. ತಯಾರಕರ ಸಾಧನವನ್ನೇ ಬಳಸಿರಿ.

ಈ ಆರನೆಯ ಹೆಜ್ಜೆಗೆ ಮುನ್ನ ಒಂದು ಕೆಲಸ ಕಡ್ಡಾಯ. ಇತ್ತೀಚಿನ ಲ್ಯಾಪ್‌ಟಾಪ್‌ಗಳಲ್ಲಿ ‘ಡಿವೈಸ್ ಎನ್‌ಕ್ರಿಪ್ಷನ್’ ಅಥವಾ ‘ಬಿಟ್‌ಲಾಕರ್’ ತಾನಾಗಿ ಚಾಲೂ ಇರಬಹುದು. ಆಗ ಸೇಫ್ ಮೋಡ್‌ಗೆ ಹೋಗುವಾಗ ಯಂತ್ರ 48 ಅಂಕಿಗಳ ‘ರಿಕವರಿ ಕೀ’ ಕೇಳಬಹುದು. ಅದು ಗೊತ್ತಿಲ್ಲದಿದ್ದರೆ ಒಳಗಿನ ಕಡತಗಳೆಲ್ಲ ಕೈತಪ್ಪುತ್ತವೆ. ಯಂತ್ರ ತೆರೆಯಲು ಬಳಸುವ ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀ ಸಾಮಾನ್ಯವಾಗಿ ದಾಖಲಾಗಿರುತ್ತದೆ. ಮೊಬೈಲ್‌ನಿಂದ ಆ ಖಾತೆಗೆ ಪ್ರವೇಶಿಸಿ ಕಾಗದದ ಮೇಲೆ ಬರೆದಿಟ್ಟುಕೊಂಡ ನಂತರವೇ ಮುಂದುವರಿಯಿರಿ.

ಮಾಡಬಾರದ್ದು: ‘ಪ್ರೋಗ್ರಾಂ ಫೈಲ್ಸ್’ ಒಳಗಿನ ಆಂಟಿವೈರಸ್ ಫೋಲ್ಡರನ್ನು ಕೈಯಿಂದ ಅಳಿಸುವುದು, ರಿಜಿಸ್ಟ್ರಿಯಲ್ಲಿ ಕಂಡದ್ದನ್ನೆಲ್ಲ ತೆಗೆಯುವುದು, ಯಾವುದೋ ‘ಕ್ಲೀನರ್’ ತಂತ್ರಾಂಶವನ್ನು ತಂದು ಹಾಕುವುದು. ಅರ್ಧ ತೆರವಿನ ಸ್ಥಿತಿ ಹುಟ್ಟುವುದು ಇಂಥ ಕೆಲಸಗಳಿಂದಲೇ.

ವಿಂಡೋಸ್ 10 ಮತ್ತು 11ರಲ್ಲಿರುವ ಮೈಕ್ರೋಸಾಫ್ಟ್ ಡಿಫೆಂಡರ್ ವಿಂಡೋಸ್‌ನ ಅಂಗವೇ ಆಗಿದೆ. ಅದಕ್ಕೆ ಅನ್‌ಇನ್‌ಸ್ಟಾಲ್ ಗುಂಡಿಯೇ ಇಲ್ಲ. ಅದನ್ನು ದೋಷವೆಂದು ತಿಳಿಯಬಾರದು.

ಪರದೆಯ ಮೇಲಿನ ಸಂದೇಶಗಳು

ಕನ್ನಡ ಮಾಧ್ಯಮದ ಮಕ್ಕಳಿಗೆ ನೆರವಾಗಲೆಂದು ಸಾಮಾನ್ಯ ಸಂದೇಶಗಳ ಅರ್ಥ ಇಲ್ಲಿದೆ.

‘ಆಕ್ಸೆಸ್ ಈಸ್ ಡಿನೈಡ್’: ಅನುಮತಿ ಇಲ್ಲ. ಅಡ್ಮಿನಿಸ್ಟ್ರೇಟರ್ ಖಾತೆ ಬೇಕು, ಅಥವಾ ಸೆಲ್ಫ್ ಪ್ರೊಟೆಕ್ಷನ್ ಚಾಲೂ ಇದೆ.

‘ಅನದರ್ ಇನ್‌ಸ್ಟಲೇಷನ್ ಈಸ್ ಆಲ್ರೆಡಿ ಇನ್ ಪ್ರೋಗ್ರೆಸ್’, ದೋಷ ಸಂಖ್ಯೆ 1618: ಬೇರೊಂದು ಅಳವಡಿಕೆ ನಡೆಯುತ್ತಿದೆ. ಸ್ವಲ್ಪ ಕಾಯಿರಿ, ನಂತರವೂ ಅದೇ ಬಂದರೆ ರೀಸ್ಟಾರ್ಟ್ ಮಾಡಿರಿ.

ದೋಷ ಸಂಖ್ಯೆ 1603: ಅಳವಡಿಕೆ ಅಥವಾ ತೆರವು ಯಾವುದೋ ಅಡ್ಡಿಯಿಂದ ನಿಂತಿದೆ. ಮೇಲಿನ ನಾಲ್ಕನೆಯ ಹೆಜ್ಜೆಯಿಂದ ಮುಂದುವರಿಯಿರಿ.

‘ರೀಸ್ಟಾರ್ಟ್ ರಿಕ್ವೈರ್ಡ್’: ಹಿಂದಿನ ಕೆಲಸ ಪೂರ್ತಿಯಾಗಲು ಪುನರಾರಂಭ ಬೇಕು. ಇದನ್ನು ಕಡೆಗಣಿಸಿ ಹೊಸದನ್ನು ಹಾಕಬಾರದು.

ತೆಗೆದ ಮೇಲೆ

ರೀಸ್ಟಾರ್ಟ್ ಮಾಡಿ ‘ವಿಂಡೋಸ್ ಸೆಕ್ಯುರಿಟಿ’ ತೆರೆದು ‘ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್’ ನೋಡಿರಿ. ಸರಿಯಾಗಿ ತೆರವಾಗಿದ್ದರೆ ಡಿಫೆಂಡರ್ ತಾನಾಗಿ ಚಾಲೂ ಆಗಿರುತ್ತದೆ. ತೆಗೆದ ಆಂಟಿವೈರಸ್‌ನ ಹೆಸರೇ ಅಲ್ಲಿ ಇನ್ನೂ ಕಾಣುತ್ತಿದ್ದರೆ ತೆರವು ಅರ್ಧವಾಗಿದೆ. ತಯಾರಕರ ಸಾಧನವನ್ನು ಪುನಃ ಓಡಿಸಬೇಕು. ಈ ಪುಟವನ್ನು ನೋಡದೆ ಯಂತ್ರವನ್ನು ಮಕ್ಕಳ ಕೈಗೆ ಕೊಡಬೇಡಿ.

ಹೊಸ ಆಂಟಿವೈರಸ್ ಕೊಳ್ಳಲೇಬೇಕೆಂಬ ನಿಯಮವಿಲ್ಲ. ನವೀಕರಣಗೊಳ್ಳುತ್ತಿರುವ ವಿಂಡೋಸ್ 11ರಲ್ಲಿ ಡಿಫೆಂಡರ್ ಉಚಿತವಾಗಿಯೇ ಸಾಮಾನ್ಯ ಮನೆಬಳಕೆಗೆ ಸಾಕಾಗುತ್ತದೆ. ವಿಂಡೋಸ್ 10 ಇರುವವರಿಗೆ ವೈಯಕ್ತಿಕ ಬಳಕೆಯ ವಿಸ್ತೃತ ಭದ್ರತಾ ನವೀಕರಣ ಯೋಜನೆ 2026ರ ಅಕ್ಟೋಬರ್ 13ರವರೆಗೆ ಇದೆ; ಅದಕ್ಕೆ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಡಿಫೆಂಡರ್‌ನ ವೈರಸ್ ಪಟ್ಟಿಯ ನವೀಕರಣ ವಿಂಡೋಸ್ 10ಕ್ಕೆ 2028ರ ಅಕ್ಟೋಬರ್‌ವರೆಗೆ ದೊರೆಯುವುದೆಂದು ಮೈಕ್ರೋಸಾಫ್ಟ್ ತಿಳಿಸಿದೆ. ಆದರೆ ವಿಂಡೋಸ್‌ನ ಸ್ವಂತ ಬಿರುಕುಗಳನ್ನು ವೈರಸ್ ಪಟ್ಟಿ ಮುಚ್ಚಲಾರದು ಎಂಬುದು ನೆನಪಿರಲಿ.

ಕನ್ನಡ ತಂತ್ರಾಂಶಗಳ ವಿಷಯ

ನುಡಿ, ಬರಹ ಮೊದಲಾದ ಕನ್ನಡ ಟೈಪಿಂಗ್ ತಂತ್ರಾಂಶಗಳು ನಾವು ಒತ್ತುವ ಪ್ರತಿ ಕೀಲಿಯನ್ನೂ ಗಮನಿಸಿ ಕನ್ನಡಾಕ್ಷರವಾಗಿ ಬದಲಿಸುತ್ತವೆ. ಗುಪ್ತಪದ ಕದಿಯುವ ದುಷ್ಟ ತಂತ್ರಾಂಶಗಳೂ ಕೀಲಿಗಳನ್ನು ಹೀಗೆಯೇ ಗಮನಿಸುವುದರಿಂದ, ಆಂಟಿವೈರಸ್ ಕೆಲವೊಮ್ಮೆ ಕನ್ನಡ ತಂತ್ರಾಂಶವನ್ನು ಶಂಕಿಸಿ ‘ಕ್ವಾರಂಟೈನ್’ ಎಂಬ ಬಂಧನದಲ್ಲಿ ಇಡಬಹುದು. ಆಂಟಿವೈರಸ್ ಪೂರ್ತಿ ತೆಗೆದಾಗ ಬಂಧನದಲ್ಲಿದ್ದ ಕಡತಗಳೂ ಅಳಿಸಿಹೋಗಬಹುದು. ಆದ್ದರಿಂದ ತೆಗೆಯುವ ಮುನ್ನ ಆ ಪಟ್ಟಿಯನ್ನು ನೋಡಿ, ಶಾಲೆಯ ಪ್ರಶ್ನೆಪತ್ರಿಕೆ ಅಥವಾ ಪರಿಚಿತ ಕಡತಗಳಿದ್ದರೆ ಖಚಿತಪಡಿಸಿಕೊಂಡು ಹೊರತೆಗೆಯಿರಿ.

ನುಡಿಯನ್ನು ಮರಳಿ ಅಳವಡಿಸುವಾಗ ಕನ್ನಡ ಗಣಕ ಪರಿಷತ್ತಿನಂಥ ಮೂಲಸ್ಥಾನದಿಂದಲೇ ಪಡೆಯಬೇಕು. ವಿಂಡೋಸ್ 10 ಮತ್ತು 11ರಲ್ಲಿ ಕನ್ನಡ ಕೀಲಿಮಣೆ ಮೊದಲೇ ಇದೆ. ಭಾಷೆಯ ಸೆಟ್ಟಿಂಗ್ಸ್‌ನಲ್ಲಿ ಕನ್ನಡವನ್ನು ಸೇರಿಸಿಕೊಂಡರೆ ಯೂನಿಕೋಡ್ ಬರವಣಿಗೆಗೆ ಬೇರೆ ತಂತ್ರಾಂಶವೇ ಬೇಕಾಗುವುದಿಲ್ಲ.

ಗಡಿಭಾಗದ ಮಕ್ಕಳಿಗೆ ಇನ್ನೊಂದು ಅಪಾಯವಿದೆ. ಮಹಾರಾಷ್ಟ್ರ ಪಠ್ಯಕ್ರಮದ ಕನ್ನಡ ಮಾಧ್ಯಮಕ್ಕೆ ಮಾರ್ಗದರ್ಶಿಗಳು ಅಂಗಡಿಗಳಲ್ಲಿ ಸುಲಭವಾಗಿ ದೊರೆಯದ ಕಾರಣ, ಮಕ್ಕಳು ಅಂತರ್ಜಾಲದಲ್ಲಿ ಕಂಡಕಂಡಲ್ಲಿ ಹುಡುಕುತ್ತಾರೆ. ‘ಉಚಿತ ಗೈಡ್’ ಎಂದು ಇಳಿಸಿಕೊಂಡ ಕಡತ ಪಿಡಿಎಫ್ ಆಗಿರದೆ ಅಳವಡಿಕೆಯ ಕಡತವಾಗಿದ್ದರೆ ಅದನ್ನು ತೆರೆಯಬಾರದು. ಕನ್ನಡ ಪಠ್ಯಪುಸ್ತಕಗಳು ಇ-ಬಾಲಭಾರತಿಯಲ್ಲಿ ಉಚಿತವಾಗಿ ಲಭ್ಯವಿವೆ.

ಮೊಬೈಲ್‌ನಲ್ಲಿ ಇದೇ ತೊಂದರೆ

ಆ್ಯಂಡ್ರಾಯ್ಡ್ ಮೊಬೈಲ್‌ನಲ್ಲಿ ‘ವೈರಸ್ ಕ್ಲೀನರ್’ ಎಂಬ ಹೆಸರಿನ ಆ್ಯಪ್ ಒಂದು ತೆಗೆಯಲು ಬಾರದಿದ್ದರೆ, ಅದು ‘ಡಿವೈಸ್ ಅಡ್ಮಿನ್’ ಅಧಿಕಾರ ಪಡೆದಿರಬಹುದು. ಸೆಟ್ಟಿಂಗ್ಸ್‌ನಲ್ಲಿ ‘ಡಿವೈಸ್ ಅಡ್ಮಿನ್ ಆ್ಯಪ್ಸ್’ ಎಂದು ಹುಡುಕಿ ಅಲ್ಲಿ ಅದರ ಅಧಿಕಾರ ತೆಗೆದ ನಂತರ ಅನ್‌ಇನ್‌ಸ್ಟಾಲ್ ಮಾಡಬಹುದು. ‘ಆಕ್ಸೆಸಿಬಿಲಿಟಿ’ ವಿಭಾಗದಲ್ಲಿಯೂ ಅದಕ್ಕೆ ಅನುಮತಿ ಇದೆಯೇ ಎಂದು ನೋಡಿರಿ. ಆ್ಯಪ್ ಪರದೆಯನ್ನೇ ಮುಚ್ಚಿ ಸೆಟ್ಟಿಂಗ್ಸ್ ತೆರೆಯಗೊಡದಿದ್ದರೆ, ಪವರ್ ಮೆನುವಿನಲ್ಲಿ ‘ಪವರ್ ಆಫ್’ ಅನ್ನು ಒತ್ತಿಹಿಡಿದರೆ ಅನೇಕ ಮೊಬೈಲ್‌ಗಳಲ್ಲಿ ಸೇಫ್ ಮೋಡ್ ದೊರೆಯುತ್ತದೆ. ಅಲ್ಲಿ ನಾವು ಹಾಕಿದ ಆ್ಯಪ್‌ಗಳು ನಡೆಯುವುದಿಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ಮದುವೆಯ ಆಮಂತ್ರಣ, ವಾಹನದ ಚಲನ್ ಅಥವಾ ಸರ್ಕಾರಿ ಯೋಜನೆಯ ಹೆಸರಿನಲ್ಲಿ ಬರುವ ‘ಎಪಿಕೆ’ ಕಡತಗಳನ್ನು ಪರಿಚಿತರ ಸಂಖ್ಯೆಯಿಂದ ಬಂದರೂ ಅಳವಡಿಸಬಾರದು. ಆಮಂತ್ರಣ ಪತ್ರಿಕೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ. ಆ್ಯಪ್ ಆಗಿ ಬರುವುದಿಲ್ಲ.

ಭಾರತ ಸರ್ಕಾರದ ಸಿಇಆರ್‌ಟಿ-ಇನ್ ಸಂಸ್ಥೆಯ ‘ಸೈಬರ್ ಸ್ವಚ್ಛತಾ ಕೇಂದ್ರ’ 2017ರ ಫೆಬ್ರುವರಿ 21ರಂದು ಆರಂಭವಾಯಿತು. ಅದರ ಜಾಲತಾಣದಲ್ಲಿ ಗಣಕ ಮತ್ತು ಮೊಬೈಲ್‌ಗಳ ಸೋಂಕು ತೆಗೆಯುವ ಉಚಿತ ಸಾಧನಗಳೂ, ಸಿ-ಡ್ಯಾಕ್ ರೂಪಿಸಿದ ಮೊಬೈಲ್ ರಕ್ಷಣೆಯ ‘ಎಂ-ಕವಚ 2’, ಪೆನ್ ಡ್ರೈವ್ ನಿಯಂತ್ರಣದ ‘ಯುಎಸ್‌ಬಿ ಪ್ರತಿರೋಧ್’ ಮುಂತಾದವೂ ದೊರೆಯುತ್ತವೆ.

ಸಹಾಯ ಯಾರಿಂದ ಪಡೆಯಬೇಕು

ತಂತ್ರಾಂಶ ಹೋಗದಿದ್ದಾಗ ಜನರು ಹುಡುಕುವುದು ಕಂಪನಿಯ ಸಹಾಯವಾಣಿಯನ್ನು. ವಂಚಕರು ಕಾದಿರುವುದೂ ಅಲ್ಲಿಯೇ. ಹುಡುಕಾಟದ ಫಲಿತಾಂಶದಲ್ಲಿ ಅಥವಾ ಪರದೆಯ ಮೇಲೆ ಹಠಾತ್ತನೆ ಕಾಣುವ ದೂರವಾಣಿ ಸಂಖ್ಯೆ ನಕಲಿಯಾಗಿರಬಹುದು. ಕರೆ ಎತ್ತಿದವರು ಎನಿಡೆಸ್ಕ್ ಅಥವಾ ಟೀಮ್‌ವ್ಯೂವರ್‌ನಂಥ ಆ್ಯಪ್ ಹಾಕಿಸಿ ಯಂತ್ರವನ್ನು ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ. ‘ಹಣ ಮರಳಿಸುತ್ತೇವೆ’ ಎಂದು ಬ್ಯಾಂಕ್ ಖಾತೆ ತೆರೆಸುತ್ತಾರೆ. ಸಹಾಯವಾಣಿ ಸಂಖ್ಯೆಯನ್ನು ಖರೀದಿಸಿದ ಪೆಟ್ಟಿಗೆಯಿಂದ ಅಥವಾ ಕಂಪನಿಯ ಸ್ವಂತ ಜಾಲತಾಣದಿಂದ ಮಾತ್ರ ತೆಗೆದುಕೊಳ್ಳಿರಿ. ಒಟಿಪಿ, ಯುಪಿಐ ಪಿನ್ ಯಾರು ಕೇಳಿದರೂ ಹೇಳಬಾರದು.

ಹಣ ಹೋಗಿದ್ದರೆ ಆ ಕ್ಷಣವೇ ಅಂತರ್ಜಾಲ ಕಡಿದು, 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿರಿ. ಮೊದಲ ಕೆಲವು ಗಂಟೆಗಳಲ್ಲಿ ದೂರು ಹೋದರೆ ಹಣ ಮುಂದಿನ ಖಾತೆಗೆ ಸರಿಯುವ ಮೊದಲೇ ತಡೆಯುವ ಅವಕಾಶ ಹೆಚ್ಚು. ದೂರನ್ನು ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿಯೂ ದಾಖಲಿಸಬಹುದು. ಉದಗೀರ, ನಿಲಂಗಾ ಭಾಗದವರ ಜಿಲ್ಲಾ ಪೊಲೀಸ್ ಕಚೇರಿ ಲಾತೂರಿನಲ್ಲಿ, ಉಮರಗಾ ಭಾಗದವರದು ಧಾರಾಶಿವದಲ್ಲಿ ಇದೆ. ಆದರೆ 1930ಕ್ಕೆ ಕರೆ ಮಾಡಲು ಅಲ್ಲಿಗೆ ಹೋಗಿ ಬರುವವರೆಗೆ ಕಾಯಬಾರದು.

ಕೈಯಾರೆ ಮಾಡಲು ಧೈರ್ಯ ಸಾಲದಿದ್ದರೆ ಎಂಎಸ್-ಸಿಐಟಿ ಕಲಿಸುವ ಊರಿನ ಕೇಂದ್ರದವರನ್ನೋ ಪರಿಚಿತ ದುರಸ್ತಿಗಾರರನ್ನೋ ಕೇಳಬಹುದು. ಯಂತ್ರವನ್ನು ಬಿಟ್ಟು ಬರದೆ ಪಕ್ಕದಲ್ಲಿ ಕುಳಿತುಕೊಳ್ಳಿರಿ. ‘ಎಲ್ಲವನ್ನೂ ಅಳಿಸಿ ವಿಂಡೋಸ್ ಹೊಸದಾಗಿ ಹಾಕೋಣ’ ಎಂಬ ಸಲಹೆ ಬಂದರೆ, ಮೇಲಿನ ಆರು ಹೆಜ್ಜೆಗಳಾಗಿವೆಯೇ, ಮಕ್ಕಳ ದಾಖಲೆಗಳ ನಕಲು ಕೈಯಲ್ಲಿದೆಯೇ ಎಂದು ಮೊದಲು ಕೇಳಿರಿ. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಹತ್ತಿರವಿದ್ದರೆ ಮಹಾ ಇ-ಸೇವಾ ಕೇಂದ್ರದಲ್ಲಿ ಅರ್ಜಿಯ ಕೆಲಸ ಮುಗಿಸಿಕೊಂಡು, ಯಂತ್ರದ ರಿಪೇರಿಯನ್ನು ನಂತರ ನಿಧಾನವಾಗಿ ಮಾಡಿಸಿರಿ.